ಆಪಾದನಾ ಪತ್ರ ಕೈಗೆ ಬಂದಾಗ

ರೈತ ಬಾಂಧವರೇ, ನಮ್ಮ ಮಕ್ಕಳಲ್ಲಿ ಹಲವರು ಸಕ್ಕರೆ ಕಾರ್ಖಾನೆಯಲ್ಲೋ ಗಿರಣಿಯಲ್ಲೋ ಕೆಲಸಕ್ಕಿದ್ದಾರೆ. ಅಂಥವರ ಮೇಲೆ ದುರ್ವರ್ತನೆಯ ದೂರು ಬಂದರೆ, “ಬಿಟ್ಟು ಬಾ, ಹೊಲವಿದೆ” ಎನ್ನಬೇಡಿರಿ. ಹೇಳದೆ ಬಂದರೆ ಗೈರುಹಾಜರಿಯೇ ಇನ್ನೊಂದು ತಪ್ಪಾಗುತ್ತದೆ. ವಿಚಾರಣೆಯೂ ಅವನಿಲ್ಲದೆಯೇ ನಡೆದುಹೋಗಬಹುದು.

ಆಪಾದನಾ ಪತ್ರವನ್ನು ಬೇಡವೆನ್ನದೆ ಪಡೆಯಬೇಕು. ‘ತಲುಪಿದೆ’ ಎಂದು ದಿನಾಂಕ ಬರೆದು ರುಜು ಮಾಡಿದರೆ ತಪ್ಪನ್ನು ಒಪ್ಪಿದಂತಲ್ಲ. ಯಾವ ದಿನ, ಎಲ್ಲಿ, ಏನು ನಡೆಯಿತೆಂದು ಬರೆದಿದ್ದಾರೆಂಬುದನ್ನು ನೋಡಿ, ಒಂದೊಂದು ಆಪಾದನೆಗೂ ಬೇರೆಬೇರೆಯಾಗಿ ಗಡುವಿನೊಳಗೆ ಉತ್ತರ ಕೊಡಬೇಕು. ಅದರ ನಕಲು ಇಟ್ಟುಕೊಳ್ಳಬೇಕು. ಮಾಡಿದ್ದು ನಿಜವಾದರೆ ಒಪ್ಪಿಕೊಳ್ಳುವುದೇ ಲೇಸು.

ವಿಚಾರಣೆಯಲ್ಲಿ ಎದುರು ಸಾಕ್ಷಿಗಳನ್ನು ಪ್ರಶ್ನಿಸಲು, ತನ್ನ ಸಾಕ್ಷಿಗಳನ್ನು ತರಲು ಅವಕಾಶ ಕೇಳಬೇಕು. ಓದಿ ನೋಡದೆ ಹೇಳಿಕೆಗೆ ರುಜು ಹಾಕಬಾರದು. ದೂರು ಕೊಟ್ಟವರ ಮನೆಗೆ ಹೋಗಿ ಗದರಿಸುವುದಾಗಲಿ, ರಾಜಿಗೆ ಒತ್ತಾಯಿಸುವುದಾಗಲಿ ಸಲ್ಲದು. ಅವರಿಗೂ ನ್ಯಾಯ ಬೇಕು.

ಅಮಾನತಾದರೆ ಕೆಲಸ ಹೋಯಿತೆಂದು ಎದೆಗೆಡಬೇಡಿರಿ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಸ್ಥಾಯೀ ಆದೇಶಗಳಿಗೆ ಒಳಪಟ್ಟ ದೊಡ್ಡ ಕಾರ್ಖಾನೆಗಳಲ್ಲಿ ವಿಚಾರಣೆಯು ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಯಬೇಕು. ಆವರೆಗೆ ಜೀವನಾಧಾರ ಭತ್ಯೆಯಾಗಿ ಅರ್ಧ ವೇತನ ಸಲ್ಲುತ್ತದೆ. ಕಾರ್ಮಿಕನ ತಪ್ಪಿಲ್ಲದೆ ತಡವಾದರೆ ಮುಂದಕ್ಕೆ ಶೇಕಡಾ 75.