‘ಪೀನಟ್ಸ್’ ಅಂದರೆ ಎಷ್ಟು?

ನಿಮ್ಮ ಮನೆಯ ಮಕ್ಕಳ ಬಾಯಲ್ಲೂ ‘ಪೀನಟ್ಸ್’ ಅನ್ನೋ ಮಾತು ಕೇಳಿರಬಹುದು. ಹೋದ ಬೇಸಿಗೆಯಲ್ಲಿ ನಾನು ಬೀದಿಯ ನಾಲ್ಕಾರು ಮನೆಗಳಿಗೆ ಹಪ್ಪಳ, ಸಂಡಿಗೆ ಮಾಡಿಕೊಟ್ಟು, ಖರ್ಚು ಕಳೆದು 1,800 ರೂಪಾಯಿ ಉಳಿಸಿದ್ದೆ. ಗೌರಿ ಹಬ್ಬಕ್ಕೆ ಬಂದ ಮಗನಿಗೆ ಸಂಭ್ರಮದಿಂದ ಹೇಳಿದರೆ, “ಅಷ್ಟು ಬಿಸಿಲಲ್ಲಿ ಬೆಂದು ಇಷ್ಟೇನಾ ಅಮ್ಮಾ? ಪೀನಟ್ಸ್!” ಅಂದುಬಿಟ್ಟ.

ಪೀನಟ್ಸ್ ಅಂದರೆ ಕಡಲೆಕಾಯಿ ಅಂತ ಎಸ್.ಎಸ್.ಎಲ್.ಸಿ. ಓದಿದ ನನಗೂ ಗೊತ್ತು. ಆದರೆ ಅವನ ಧಾಟಿ ಬೇರೆ ಇತ್ತು. ಅವನು ಊರಿಗೆ ಹೊರಟ ಮೇಲೆ, ಅದೇ ದುಡ್ಡಿನಲ್ಲಿ ಮಾಡಿಸಿಕೊಂಡ ಕನ್ನಡಕ ಹಾಕಿಕೊಂಡು ಡಿಕ್ಷನರಿ ತೆಗೆದೆ. ಜುಜುಬಿ ದುಡ್ಡು ಅಂತ ಅರ್ಥವಂತೆ! ಚಳ್ಳಕೆರೆ ಕಡೆ ಕಡಲೆಕಾಯಿ ಬೆಳೆಯುವ ರೈತರ ಮುಂದೆ ಈ ಮಾತು ಆಡಿ ನೋಡಬೇಕು.

ತೆಗೆದ ಪುಸ್ತಕ ಹಾಗೇ ಮುಚ್ಚಲು ಮನಸ್ಸು ಬರಲಿಲ್ಲ. ಅಲ್ಪ ಹಣಕ್ಕೆ ‘ಚಿಕನ್ ಫೀಡ್’ ಅಂತಲೂ ಅನ್ನುತ್ತಾರೆ, ಅಂದರೆ ಕೋಳಿಗೆ ಎರಚುವ ಕಾಳು. ಲೆಕ್ಕಕ್ಕಿಲ್ಲದ ಸಂಗತಿ ಅಮೆರಿಕದವರಿಗೆ ‘ಸ್ಮಾಲ್ ಪೊಟೇಟೋಸ್’, ಸಣ್ಣ ಆಲೂಗೆಡ್ಡೆ. ನೋಡಿದಿರಾ, ಎಲ್ಲಾ ಅಡುಗೆಮನೆ, ಹಿತ್ತಲಿನ ಸಾಮಾನೇ! ಪೆನ್ನಿಯ ಕಾಲು ಭಾಗವಾದ ‘ಫಾರ್ದಿಂಗ್’ ನಾಣ್ಯದ ಚಲಾವಣೆ ಬ್ರಿಟನ್ನಿನಲ್ಲಿ 1960ರ ಕೊನೆಗೆ ನಿಂತರೂ ಮಾತಿನಲ್ಲಿ ಉಳಿದಿದೆ, ನಮ್ಮ ಚಿಕ್ಕಾಸಿನ ಹಾಗೆ. ನಾವು ‘ಎಳ್ಳಷ್ಟೂ ನಾಚಿಕೆಯಿಲ್ಲ’ ಅನ್ನುವ ಕಡೆ ಅವರದು ‘ಅಯೋಟ’. ಅದು ಗ್ರೀಕ್ ವರ್ಣಮಾಲೆಯ ಅತಿ ಚಿಕ್ಕ ಅಕ್ಷರ. ನನಗೇನೋ ಎಳ್ಳೇ ಚೆನ್ನ.

ಅಡುಗೆಯ ಅಳತೆಯಂತೂ ಬಲು ಸ್ವಾರಸ್ಯ. ‘ಪಿಂಚ್’ ಅಂದರೆ ನಮ್ಮ ಚಿಟಿಕೆ. ಅದಕ್ಕಿಂತ ತುಸು ಹೆಚ್ಚು ‘ಡ್ಯಾಶ್’, ಅದಕ್ಕೂ ಕಡಿಮೆ ‘ಸ್ಮಿಜನ್’. ಅಮೆರಿಕದಲ್ಲಿ ಇವಕ್ಕೂ ಪುಟ್ಟ ಪುಟ್ಟ ಚಮಚಗಳು ಸಿಗುತ್ತವೆ! ಸಾಮಾನ್ಯವಾಗಿ ಡ್ಯಾಶ್ ಅಂದರೆ ಟೀ ಚಮಚದ 8ರಲ್ಲೊಂದು ಭಾಗ, ಪಿಂಚ್ 16ರಲ್ಲೊಂದು, ಸ್ಮಿಜನ್ 32ರಲ್ಲೊಂದು. ನಮ್ಮತ್ತೆಯವರಿಗೆ ಎರಡು ಬೆರಳೇ ಸಾಕಿತ್ತು. ಆದರೆ ಆ ಚಮಚ ಮಾಡಿದವರನ್ನು ನಗಲಾರೆ. ಹಪ್ಪಳದ ಹಿಟ್ಟಿಗೆ ಸೋಡಾ ಒಂದು ಚಿಟಿಕೆ ಹೆಚ್ಚಾಗಲಿ, ಕರಿಯುವಾಗ ಕೆಂಪಾಗಿ ಕೂರುತ್ತೆ. ಇಡೀ ದಿನದ ಕೆಲಸ ಹಾಳು.

ಮೊನ್ನೆ ಮಗನ ಫೋನು. “ಅಮ್ಮಾ, ಹಪ್ಪಳವೆಲ್ಲಾ ಸ್ನೇಹಿತರು ಖಾಲಿ ಮಾಡಿದರು. ಇನ್ನೊಂದಿಷ್ಟು ಕಳಿಸ್ತೀಯಾ?”

“ಎಷ್ಟಪ್ಪಾ? ಒಂದು ಸ್ಮಿಜನ್ ಸಾಕಾ?” ಅಂತ ಕೇಳಿದೆ.