ಊರು ಬಿಡದ ತಿಮಿಂಗಿಲ

ಮಸ್ಕತ್ತಿನ ಅಲ್ ಖುವೈರ್‌ನಲ್ಲಿ, ಸರ್ಕಾರಿ ಕಚೇರಿಗಳ ನಡುವೆ ಒಂದು ನಿಸರ್ಗ ವಸ್ತುಸಂಗ್ರಹಾಲಯವಿದೆ. ದಡಕ್ಕೆ ಬಂದು ಬಿದ್ದ ಸ್ಪರ್ಮ್ ತಿಮಿಂಗಿಲವೊಂದರ ಅಸ್ಥಿಪಂಜರವೇ ಅಲ್ಲಿನ ಆಕರ್ಷಣೆ. ಆದರೆ ಒಮಾನ್ ಕಡಲಿನ ದೊಡ್ಡ ಸೋಜಿಗ ಸ್ಪರ್ಮ್ ಅಲ್ಲ, ಗೂನುಬೆನ್ನಿನ ಹಂಪ್‌ಬ್ಯಾಕ್.

ಬೇರೆ ಸಾಗರಗಳ ಹಂಪ್‌ಬ್ಯಾಕ್‌ಗಳು ಹುಟ್ಟಾ ಅಲೆಮಾರಿಗಳು. ಉಣ್ಣಲು ಧ್ರುವದ ತಣ್ಣೀರು, ಹೆರಲು ಉಷ್ಣವಲಯದ ಬೆಚ್ಚನೆಯ ನೀರು. ಅರಬ್ಬೀ ಸಮುದ್ರದವು ಮಾತ್ರ ಇಲ್ಲೇ ಉಂಡು ಇಲ್ಲೇ ಹೆರುತ್ತವೆ. ಕಾರಣ ನಮ್ಮದೇ ಮುಂಗಾರು. ನೈಋತ್ಯದ ಗಾಳಿ ಒಮಾನ್ ಕರಾವಳಿಯ ಉದ್ದಕ್ಕೂ ಬೀಸಿದಾಗ, ಭೂಮಿಯ ತಿರುಗುವಿಕೆಯಿಂದಾಗಿ ಮೇಲಿನ ನೀರು ದಡದಿಂದಾಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುತ್ತದೆ. ಸೂಕ್ಷ್ಮ ಸಸ್ಯಗಳು ಹುಲುಸಾಗುತ್ತವೆ, ಅವುಗಳ ಬೆನ್ನಿಗೇ ಬೂತಾಯಿಯ ಹಿಂಡುಗಳು. ಆ ಕಾಲವನ್ನು ಒಮಾನಿಗಳು ಖರೀಫ್ ಎನ್ನುತ್ತಾರೆ. ಕೃಷಿ ಇಲಾಖೆಯ ಬಾಯಲ್ಲಿ ನಾವು ಕೇಳುವ ಖರೀಫ್ ಕೂಡ ಅದೇ ಅರಬ್ಬೀ ಪದ.

ಈ ವಿಚಿತ್ರ ಜೀವನಕ್ರಮಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಒಂದು ಅಪರಾಧದಿಂದ. 1960ರ ದಶಕದ ಮಧ್ಯದಲ್ಲಿ ಸೋವಿಯತ್ ಬೇಟೆ ಹಡಗುಗಳು ಈ ಕಡಲಲ್ಲಿ ಕಾನೂನುಬಾಹಿರವಾಗಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದು, ಲೆಕ್ಕವನ್ನು ಮುಚ್ಚಿಟ್ಟವು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1997ರಲ್ಲಿ ಜೀವವಿಜ್ಞಾನಿ ಯೂರಿ ಮಿಖಾಲೆವ್ ಆ ದಾಖಲೆಗಳನ್ನು ಪ್ರಕಟಿಸಿದರು. ಕೊಂದವುಗಳ ಗರ್ಭದಲ್ಲಿದ್ದ ಮರಿಗಳ ಅಳತೆ ಉತ್ತರಾರ್ಧಗೋಳದ ಹೆರಿಗೆಯ ಕಾಲಕ್ಕೆ ಹೊಂದುತ್ತಿತ್ತು. ಅಂದರೆ ಇವು ದಕ್ಷಿಣ ಧ್ರುವದ ಕಡೆಯಿಂದ ಬಂದವಲ್ಲ. ಸುಮಾರು 70,000 ವರ್ಷಗಳಿಂದ ಬೇರೆಯವುಗಳೊಡನೆ ಬೆರೆತಿಲ್ಲ ಎಂದು 2014ರ ವಂಶವಾಹಿ ಅಧ್ಯಯನ ಹೇಳಿತು.

ಇಷ್ಟು ಹಳೆಯ ಕುಲದಲ್ಲಿ ಉಳಿದವೆಷ್ಟು? ಬಾಲದಡಿಯ ಕಪ್ಪು-ಬಿಳಿ ವಿನ್ಯಾಸ ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ. ಅದರ ಫೋಟೊಗಳಿಂದ ಒಮಾನ್ ನೀರಿನಲ್ಲಿರುವವುಗಳ ಸಂಖ್ಯೆಯನ್ನು ಅಂದಾಜಿಸಿದರು: 82. ಈಟಿಯ ಕಾಲ ಮುಗಿದಿದೆ, ಈಗ ಕೊಲ್ಲುವುದು ಬಲೆ. ಮೀನು ಹಿಡಿಯುವವನಿಗೂ ತಿಮಿಂಗಿಲಕ್ಕೂ ಬೇಕಾದದ್ದು ಒಂದೇ ಬೂತಾಯಿ, ಒಂದೇ ಜಾಗ. ಬಾಲದ ಬುಡದ ಫೋಟೊ ನೋಡಿದರೆ ಮೂರರಲ್ಲಿ ಒಂದಕ್ಕಾದರೂ ಹಗ್ಗ ಕೊರೆದ ಗಾಯ. ಬೇರೆಡೆಯವು ಉಣ್ಣುವ ನೀರು ಬಿಟ್ಟು ಅರ್ಧ ವರ್ಷ ದೂರ ಹೋಗುತ್ತವೆ; ಊರು ಬಿಡದ ಇವಕ್ಕೆ ಆ ಬಿಡುವೂ ಇಲ್ಲ.

ಊರೆಂದರೆ ಒಮಾನ್ ಮಾತ್ರವಲ್ಲ. 2017ರ ನವೆಂಬರ್‌ನಲ್ಲಿ ಒಮಾನಿನ ಮಸೀರಾ ಕೊಲ್ಲಿಯಲ್ಲಿ ಒಂದು ಹೆಣ್ಣಿಗೆ ಉಪಗ್ರಹ ಟ್ಯಾಗ್ ಹಾಕಿದರು. ಬಾಲದ ಮೇಲೆ ಮರದಂಥ ಗುರುತಿತ್ತು. ಅದಕ್ಕೇ ಹೆಸರು ಲುಬಾನ್, ಅಂದರೆ ಮರದಿಂದ ಒಸರುವ ಧೂಪದ ಅಂಟು. ಅವಳು ಅರಬ್ಬೀ ಸಮುದ್ರವನ್ನು ಅಡ್ಡ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದು, ಮತ್ತೆ ಒಮಾನಿನತ್ತ ತಿರುಗಿದಳು. ಮುಂಗಾರಿನ 61 ದಿನ ನಮ್ಮ ಯಾಂತ್ರಿಕ ದೋಣಿಗಳಿಗೆ ರಜೆ. ಲುಬಾನ್ ಬಂದದ್ದು ಚಳಿಗಾಲದಲ್ಲಿ, ಬಲೆಗಳೆಲ್ಲ ನೀರಿನಲ್ಲಿದ್ದಾಗ.