ಭಯದ ಕಥೆಯನ್ನು ಓದುವ ಬಗೆ

ಮಕ್ಕಳ ಕೈಯಲ್ಲಿ ಭಯದ ಕಥೆಯ ಪುಸ್ತಕವನ್ನು ಕಂಡೊಡನೆ ತಂದೆತಾಯಿಗಳು ಆತಂಕಪಡುವುದು ಸಹಜ. ರಾತ್ರಿಯ ನಿದ್ರೆ ಕೆಡುತ್ತದೆ, ಮೂಢನಂಬಿಕೆ ಬೆಳೆಯುತ್ತದೆ, ಪಾಠ ಹಿಂದೆ ಬೀಳುತ್ತದೆ ಎಂಬ ಆಕ್ಷೇಪವನ್ನು ಉಪಾಧ್ಯಾಯರಾದ ನಾವು ಆಗಾಗ ಕೇಳುತ್ತೇವೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಬೇಡವೆಂದ ಪುಸ್ತಕವು ದಿಂಬಿನ ಕೆಳಗೆ ಸೇರುತ್ತದೆಯೇ ಹೊರತು ಮನೆಯಿಂದಾಚೆಗೆ ಹೋಗುವುದಿಲ್ಲ. ಆದುದರಿಂದ ಇಂಥ ಕಥೆಗಳಲ್ಲಿ ಒಳ್ಳೆಯದು ಯಾವುದು, ಅದನ್ನು ಓದುವುದು ಹೇಗೆ ಎಂದು ವಿಚಾರಿಸುವುದೇ ಮೇಲು.

ಭಯವು ಸಾಹಿತ್ಯಕ್ಕೆ ಹೊರಗಿನ ವಸ್ತುವಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದರ ಸ್ಥಾಯಿಭಾವ ಭಯ. ಬೀಭತ್ಸವನ್ನು ಅವನು ಬೇರೆಯಾಗಿಯೇ ಹೇಳಿದ್ದಾನೆ. ಅದರ ಸ್ಥಾಯಿಭಾವ ಜುಗುಪ್ಸೆ, ಅಂದರೆ ಹೇಸಿಗೆ. ಪುಟಪುಟದಲ್ಲಿಯೂ ರಕ್ತಮಾಂಸಗಳನ್ನು ಹರಡುವ ಲೇಖಕನು ಹುಟ್ಟಿಸುವುದು ಹೇಸಿಗೆಯನ್ನು, ಭಯವನ್ನಲ್ಲ. ಇಂಗ್ಲೆಂಡಿನ ಕಾದಂಬರಿಕಾರ್ತಿ ಆನ್ ರ‍್ಯಾಡ್‌ಕ್ಲಿಫ್ ಕೂಡ ಇಂಥದೇ ಒಂದು ಭೇದವನ್ನು ಕಂಡಿದ್ದಳು. ಅವಳು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ, ಮನಸ್ಸನ್ನು ವಿಸ್ತರಿಸಿ ಎಚ್ಚರಿಸುವ ಭೀತಿ ಒಂದು, ಅದನ್ನು ಮುದುಡಿಸಿ ಮರಗಟ್ಟಿಸುವ ಭೀತಿ ಇನ್ನೊಂದು ಎಂಬ ಅಭಿಪ್ರಾಯವಿದೆ. ಓದುಗನಿಗೆ ಈ ಎರಡನ್ನು ಬೇರ್ಪಡಿಸುವ ಕಣ್ಣು ಬಂದರೆ ಅರ್ಧ ಕೆಲಸ ಮುಗಿದಂತೆ.

ಉದಾಹರಣೆಗೆ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ‘ಮಂಕೀಸ್ ಪಾ’, ಎಂದರೆ ಕೋತಿಯ ಪಂಜ, ಎಂಬ ಸಣ್ಣಕಥೆಯನ್ನು ತೆಗೆದುಕೊಳ್ಳೋಣ. ಈತನು ಹೆಚ್ಚಾಗಿ ಹಾಸ್ಯಕಥೆಗಳಿಗೆ ಹೆಸರಾದವನು ಎಂಬುದು ಸೋಜಿಗ. ಹಿಂದೂಸ್ಥಾನದಲ್ಲಿ ಇಪ್ಪತ್ತೊಂದು ವರ್ಷ ಕಳೆದು ಬಂದ ಸೈನಿಕನೊಬ್ಬನು, ಫಕೀರನು ಮಂತ್ರಿಸಿದ ಒಣಗಿದ ಪಂಜವೊಂದನ್ನು ಸ್ನೇಹಿತನ ಮನೆಗೆ ತರುತ್ತಾನೆ. ಅದು ಮೂವರಿಗೆ ಮೂರು ಮೂರು ವರಗಳನ್ನು ಕೊಡಬಲ್ಲುದು. ಮನೆಯ ಯಜಮಾನನಾದ ವೈಟ್ ಇನ್ನೂರು ಪೌಂಡುಗಳನ್ನು ಬೇಡುತ್ತಾನೆ. ಮರುದಿನ ಅವನ ಮಗನು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಪರಿಹಾರವಾಗಿ ಬರುವ ಹಣ ಸರಿಯಾಗಿ ಇನ್ನೂರು ಪೌಂಡು! ದುಃಖದಿಂದ ಬುದ್ಧಿಗೆಟ್ಟ ತಾಯಿಯು ಮಗನು ಬದುಕಿ ಬರಲೆಂದು ಎರಡನೆಯ ವರವನ್ನು ಬೇಡಿಸುತ್ತಾಳೆ. ನಡುರಾತ್ರಿ ಬಾಗಿಲು ತಟ್ಟುವ ಸದ್ದು. ಆಕೆ ಚಿಲಕ ತೆಗೆಯಲು ಓಡುತ್ತಾಳೆ. ಮಗನ ದೇಹವಿದ್ದ ಸ್ಥಿತಿಯನ್ನು ಬಲ್ಲ ತಂದೆಯು ಕತ್ತಲಲ್ಲಿ ಪಂಜಕ್ಕಾಗಿ ನೆಲವನ್ನು ತಡಕುತ್ತಾನೆ. ಬಾಗಿಲು ತೆರೆದಾಗ ಅಲ್ಲಿ ಬರಿಯ ಬೀದಿ.

ಇಲ್ಲಿ ಲೇಖಕನು ಹೇಳದೆ ಬಿಟ್ಟುದನ್ನು ಗಮನಿಸಿರಿ. ಬಾಗಿಲು ತಟ್ಟಿದವರು ಯಾರೆಂದು ಆತನು ತೋರಿಸುವುದಿಲ್ಲ. ಮೂರನೆಯ ವರದ ಮಾತುಗಳನ್ನೂ ಹೇಳುವುದಿಲ್ಲ. ಸಾವು, ಹಣ, ಸದ್ದು ಎಲ್ಲವೂ ಕಾಕತಾಳೀಯವಾಗಿದ್ದಿರಬಹುದೆಂಬ ಎಡೆಯನ್ನೂ ಬಿಟ್ಟಿದ್ದಾನೆ. ಆ ಬರಿದಾದ ಎಡೆಯನ್ನು ತುಂಬುವವನು ಓದುಗನೇ. ಇಷ್ಟೇ ಅಲ್ಲ, ತಾಯಿಗೆ ಬಾಗಿಲಾಚೆ ಇರುವವನು ಮಗ, ತಂದೆಗೆ ಅದೇ ಮಗನು ಭಯದ ವಸ್ತು. ಒಂದೇ ಪ್ರೀತಿ ಇಬ್ಬರನ್ನು ಎರಡು ದಿಕ್ಕಿಗೆ ಎಳೆಯುತ್ತದೆ. ಈ ಕಥೆಯನ್ನು ಓದಿ ನನಗೆ ಹೆಚ್ಚಾಗಿ ಉಳಿದುದು ಕನಿಕರ.

ಇನ್ನು ಮೂಢನಂಬಿಕೆಯ ಮಾತು. ನಮ್ಮ ಕಾಸರಗೋಡಿನ ಕಡೆ ಭೂತವೆಂದರೆ ಕೋಲಕಟ್ಟಿ ಆರಾಧಿಸುವ ದೈವ. ಅದು ಶ್ರದ್ಧೆಯ ವಿಷಯ, ಕಥೆಗಾರನ ಪಿಶಾಚಿಯೊಡನೆ ಅದನ್ನು ಬೆರೆಸಲಾಗದು. ಕಥೆಯು ನಂಬಿಕೆಯನ್ನು ಬೇಡುವುದಿಲ್ಲ. ಓದುವಷ್ಟು ಹೊತ್ತು ಅನುಮಾನವನ್ನು ಬದಿಗಿಡು ಎನ್ನುತ್ತದೆ, ಅಷ್ಟೆ. ಹುಲಿಯ ವೇಷವನ್ನು ನೋಡಿ ಹೆದರಿ ನಗುವ ಮಗುವು ಹುಲಿ ಬಂತೆಂದು ಪೊಲೀಸರಿಗೆ ಹೇಳಹೋಗುವುದಿಲ್ಲವಷ್ಟೆ!

ಮೇಲಿನ ತರಗತಿಯವರು ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯನ್ನು ಓದಬೇಕು. ತಂಬೋರಾ ಜ್ವಾಲಾಮುಖಿಯು 1815ರಲ್ಲಿ ಸಿಡಿದುದರ ಫಲವಾಗಿ 1816ರ ಬೇಸಗೆಯು ಯುರೋಪಿನಲ್ಲಿ ಚಳಿಮಳೆಗಳಲ್ಲೇ ಕಳೆಯಿತು. ಜಿನೀವಾ ಸರೋವರದ ದಡದಲ್ಲಿ ಮನೆಯೊಳಗೇ ಕುಳಿತ ಸ್ನೇಹಿತರಿಗೆ ಕವಿ ಬೈರನ್ನನು ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆಯನ್ನು ಬರೆಯಿರೆಂದನು. ಹದಿನೆಂಟರ ಹುಡುಗಿಯಾಗಿದ್ದ ಮೇರಿಯು ಆಗ ತೊಡಗಿದ ಕಥೆ 1818ರಲ್ಲಿ ಅಚ್ಚಾಯಿತು. ಫ್ರಾಂಕನ್‌ಸ್ಟೈನ್ ಎಂಬುದು ವಿಕಾರಜೀವಿಯ ಹೆಸರೆಂದು ತಿಳಿದವರು ಪುಸ್ತಕವನ್ನು ತೆರೆದಿಲ್ಲವೆಂದೇ ಲೆಕ್ಕ. ಅದು ಆ ಜೀವಿಯನ್ನು ನಿರ್ಮಿಸಿದ ವಿದ್ಯಾರ್ಥಿಯ ಹೆಸರು. ಜೀವಿಗೆ ಹೆಸರೇ ಇಲ್ಲ. ತಾನೇ ಸೃಷ್ಟಿಸಿದುದನ್ನು ಅದರ ರೂಪಕ್ಕೆ ಅಂಜಿ ತೊರೆದುಬಿಟ್ಟುದರಿಂದಲೇ ಮುಂದಿನ ಅನರ್ಥವೆಲ್ಲ. ಪೋಷಕರೂ ಇದನ್ನು ಓದಬಹುದು.

ಈಚಿನವರಲ್ಲಿ ಅಮೆರಿಕದ ಶರ್ಲಿ ಜ್ಯಾಕ್ಸನ್ 1948ರಲ್ಲಿ ಪ್ರಕಟಿಸಿದ ‘ಲಾಟರಿ’ ಎಂಬ ಕಥೆಯಲ್ಲಿ ದೆವ್ವವೂ ಇಲ್ಲ, ರಾತ್ರಿಯೂ ಇಲ್ಲ. ಜೂನ್ ತಿಂಗಳ ಬೆಳಗಿನ ಬಿಸಿಲಿನಲ್ಲಿ ಹಳ್ಳಿಯವರು ನಗುತ್ತ ಚೀಟಿ ಎತ್ತುತ್ತಾರೆ. ಚೀಟಿ ಯಾರಿಗೆ ಬಂತೋ ಅವರನ್ನು ಹಿಂದಿನಿಂದ ಬಂದ ಪದ್ಧತಿಯೆಂದು ಕಲ್ಲೆಸೆದು ಕೊಲ್ಲುತ್ತಾರೆ. ಇದನ್ನು ಹತ್ತನೆಯ ತರಗತಿಗಿಂತ ಕೆಳಗಿನವರಿಗೆ ಕೊಡಲು ನಾನು ಒಪ್ಪುವುದಿಲ್ಲ.

ಚಿಕ್ಕವರಿಗೆ ಕೋತಿಯ ಪಂಜವೇ ಸಾಕು. ಒಂದು ಸಂಜೆಯಲ್ಲಿ ಮುಗಿಯುವ ಕಥೆ. ತಂದೆಯೋ ತಾಯಿಯೋ ಅಣ್ಣನೋ ಅದನ್ನು ಕನ್ನಡದಲ್ಲಿ ವಿವರಿಸುತ್ತ ಗಟ್ಟಿಯಾಗಿ ಓದಲಿ. ಬಾಗಿಲು ತಟ್ಟುವ ಭಾಗ ಬಂದಾಗ ಪುಸ್ತಕವನ್ನು ಮುಚ್ಚಿ, ಹೊರಗೆ ಇರುವವರು ಯಾರು, ಬಾಗಿಲು ತೆರೆಯಬೇಕೇ ಬೇಡವೇ ಎಂದು ಮಕ್ಕಳನ್ನೇ ಕೇಳಲಿ. ಎಲ್ಲರ ಉತ್ತರವೂ ಬಂದ ಮೇಲೆ ಉಳಿದ ಪುಟವನ್ನು ಓದಿದರಾಯಿತು.